ಹುಟ್ಟಿನ ಹೆಮ್ಮೆ

ನದಿಯ ನಡುವಿನ ನಿರ್ಜನ ದ್ವೀಪೋದ್ಯಾನದಲ್ಲಿ ಗುಡಾರ ಹೂಡಿದ ವಿಹಾರಿಗಳು ತಮ್ಮ ಕಯಾಕ್ ದೋಣಿಯನ್ನು ದಡದಲ್ಲಿ ಕಟ್ಟದೆ ಬಿಟ್ಟು ತಿರುಗಾಡಲು ಹೋದರು. ಪಕ್ಕದಲ್ಲಿ ಮುದಿ ಹರಿಗೋಲೊಂದು ಇರುವುದನ್ನು ಕಂಡು ಕಯಾಕಿಗೆ ಮೈಯೆಲ್ಲ ಉರಿಯಿತು.

“ಎಲೈ ತೊಗಲಬುಟ್ಟಿಯೇ, ನನ್ನ ಸಾಲಿನಲ್ಲಿ ಕೂತಿರುವೆಯಲ್ಲ, ನಿನ್ನ ಹುಟ್ಟು ಯಾವುದು?”

“ಹೊನ್ನೆಮರದ್ದು, ಸ್ವಾಮಿ. ಮಡಿಲಲ್ಲೇ ಇದೆ, ನೋಡಿ. ತಮ್ಮದು?” ಎಂದಿತು ಹರಿಗೋಲು.

“ಮೂಢ, ನಾನು ಕೇಳಿದ್ದು ಕುಲವನ್ನು, ನೀರು ತಳ್ಳುವ ಕೋಲನ್ನಲ್ಲ. ಕಡಲಾಚೆಯ ಕುಲ ನನ್ನದು. ನನ್ನನ್ನು ಕಂಡರೆ ಹೊಳೆಯೇ ದಾರಿ ಬಿಡುತ್ತದೆ.”

ಅಷ್ಟರಲ್ಲಿ ಹೊಳೆ ಉಬ್ಬಿ ಕಯಾಕನ್ನು ಸುಳಿಯತ್ತ ಸೆಳೆಯಿತು. ಅದು ಬುಗುರಿಯಂತೆ ತಿರುಗುತ್ತ, “ಅಯ್ಯಾ, ಕಾಪಾಡು. ಉತ್ತಮವಾದ ಹುಟ್ಟು ಹಾಳಾಗುತ್ತಿದೆ” ಎಂದು ಗೋಗರೆಯಿತು.

“ಹಾಳಾಗಿಲ್ಲ, ಸ್ವಾಮಿ,” ಎಂದಿತು ಹರಿಗೋಲು, “ಇಲ್ಲೇ ಮರಳಿನ ಮೇಲೆ ಕ್ಷೇಮವಾಗಿ ಬಿದ್ದಿದೆ.”