ಪಂಜರಕ್ಕೆ ಹೊದಿಸಿದ ಕಂಬಳಿ

"ಬುದ್ಧಿ, ನಾಲ್ಕು ಮಠದವರು ಸೇರಿ ಒಂದೇ ಮಾತಿಗೆ ಬಂದರೆ ಅದು ಒಗ್ಗಟ್ಟು ತಾನೇ? ಒಗ್ಗಟ್ಟಿನಲ್ಲಿ ತಪ್ಪೇನಿದೆ?" ಎಂದು ಹಾಲಯ್ಯ ಕೇಳಿದ.

ಹಾಲಯ್ಯ ಮಠದ ಪುಸ್ತಕಗಳನ್ನು ನೋಡಿಕೊಳ್ಳುವ ಶಿಷ್ಯ. ಗುರುಗಳ ಪ್ರವಚನಗಳು ಈಗ ಅಚ್ಚಿನಲ್ಲಿ ಮಾತ್ರವಲ್ಲ, ಮೊಬೈಲಿನಲ್ಲಿ ಓದುವ ಇ-ಪುಸ್ತಕಗಳಾಗಿಯೂ ಮಾರಾಟವಾಗುತ್ತಿದ್ದವು. ಸುತ್ತಲಿನ ಮೂರು ಮಠಗಳದ್ದೂ ಹಾಗೆಯೇ. ಒಂದು ಮಠ ಬೆಲೆ ಇಳಿಸಿದರೆ ಓದುಗರು ಅತ್ತ ಹೋಗುತ್ತಿದ್ದರು, ಇನ್ನೊಂದು ಇಳಿಸಿದರೆ ಇತ್ತ ಬರುತ್ತಿದ್ದರು. ಇದರಿಂದ ಬೇಸತ್ತ ನಾಲ್ಕೂ ಮಠಗಳ ಪುಸ್ತಕದವರು ಹಿಂದಿನ ದಿನ ಸೇರಿ, ಇನ್ನು ಮುಂದೆ ಎಲ್ಲರ ಇ-ಪುಸ್ತಕಕ್ಕೂ ಒಂದೇ ಬೆಲೆ, ಅದೂ ಅಚ್ಚಿನ ಪುಸ್ತಕದಷ್ಟೇ, ಯಾರೂ ಇಳಿಸಕೂಡದು ಎಂದು ಮಾತಾಡಿಕೊಂಡಿದ್ದರು. ನಾಳೆ ಮತ್ತೆ ಸೇರಿ ಅದನ್ನು ಗಟ್ಟಿ ಮಾಡುವುದಿತ್ತು. ಗುರುಗಳು ಹೂಂ ಎನ್ನುವುದೊಂದೇ ಬಾಕಿ.

"ಎಲ್ಲಿ ಸೇರಿದ್ದಿರಿ?" ಎಂದರು ಗುರುಗಳು.

"ಉಗ್ರಾಣದ ಹಿಂದಿನ ಕೋಣೆಯಲ್ಲಿ, ಬುದ್ಧಿ. ಬಾಗಿಲು ಹಾಕಿಕೊಂಡು ಕೂತಿದ್ದೆವು. ಸೊಳ್ಳೆ ಕಾಟ ನೋಡಿ."

"ಓದುವವರು ಏನೆನ್ನುತ್ತಾರೆ?"

"ಕಣ್ಣು ಮಂಜಾದ ಕೆಲವರು ಗೊಣಗಬಹುದು. ಮೊಬೈಲಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡು ಓದುವವರು ಅವರೇ ತಾನೇ. ಆಮೇಲೆ ರೂಢಿಯಾಗುತ್ತದೆ."

ಗುರುಗಳು ಹೂಂ ಎನ್ನಲಿಲ್ಲ. ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಕತೆ ಮಾರುವ ಐವರು ವರ್ತಕರಿದ್ದರು. ಕವಿಗಳಿಂದ ಕತೆ ಬರೆಸಿ, ತಾಳೆಗರಿಯಲ್ಲಿ ಪ್ರತಿ ಮಾಡಿಸಿ ಮಾರುವುದು ಅವರ ಕಸುಬು. ಜನ ಅವರನ್ನು ಗರಿಯ ಸಾಹುಕಾರರು ಎನ್ನುತ್ತಿದ್ದರು. ಒಂದು ಕಟ್ಟು ಗರಿಗೆ ಮೂವತ್ತು ಕಾಸು. ಗರಿ ಕೊಯ್ಯಬೇಕು, ಒಣಗಿಸಬೇಕು, ಕಂಟದ ಉಕ್ಕಿನ ಮೊನೆಯಿಂದ ಅಕ್ಷರ ಕೊರೆಯಬೇಕು, ಮಸಿ ತೀಡಬೇಕು. ಆದ್ದರಿಂದ ಬೆಲೆಯ ಬಗ್ಗೆ ಯಾರೂ ತಕರಾರು ಮಾಡುತ್ತಿರಲಿಲ್ಲ.

ಒಮ್ಮೆ ಆ ಊರಿಗೆ ಗಿಳಿ ಸಾಕುವವನೊಬ್ಬ ಬಂದ. ಗಿಳಿಗೆ ಇಡೀ ಕತೆ ಕಲಿಸುವ ಉಪಾಯವನ್ನು ಊರಿಗೆ ಹೇಳಿಕೊಟ್ಟು ಹೋದ. ಉಪಾಯ ಸುಲಭ. ಪಂಜರಕ್ಕೆ ಕರಿ ಕಂಬಳಿ ಹೊದಿಸಿ, ಪಕ್ಕದಲ್ಲಿ ಕೂತು ಗಟ್ಟಿಯಾಗಿ ಓದಬೇಕು. ಬೆಳಕಿದ್ದರೆ ಗಿಳಿಯ ಗಮನ ಹಣ್ಣಿನ ಮೇಲೆ, ಆಕಾಶದ ಮೇಲೆ. ಕತ್ತಲಾಯಿತೆಂದರೆ ಅದಕ್ಕೆ ಕೇಳುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ಕೇಳಿದ್ದನ್ನೆಲ್ಲ ಕಲಿತುಬಿಡುತ್ತದೆ. ಹೀಗೆ ಕಲಿತ ಗಿಳಿಯ ಪಕ್ಕ ಇನ್ನೊಂದು ಗಿಳಿಯನ್ನಿಟ್ಟರೆ ಬೆಳಗಾಗುವುದರೊಳಗೆ ಅದಕ್ಕೂ ಕತೆ ಬಾಯಿಪಾಠ. ಖರ್ಚು ಎಂದರೆ ಒಂದು ಹಿಡಿ ಕಡಲೆ, ಎರಡು ಮೆಣಸಿನಕಾಯಿ. ಗಿಳಿಗಳಿಗೇನು, ಊರ ಮುಂದಿನ ಆಲದ ಮರದ ತುಂಬ ಇದ್ದವು.

ಕಣ್ಣು ಕಾಣದವರಿಗೆ, ಓದು ಬಾರದವರಿಗೆ, ಒಲೆಯ ಮುಂದಿನಿಂದ ಏಳಲಾಗದವರಿಗೆ ಗಿಳಿಕತೆ ಬಲು ಹಿಡಿಸಿತು. ಪಟ್ಟಣದ ದೊಡ್ಡ ಅಂಗಡಿಯವನು ಗಿಳಿ ವ್ಯಾಪಾರಕ್ಕೆ ಇಳಿದ. ಕತೆ ಕಲಿತ ಗಿಳಿಯನ್ನು ಸಾಹುಕಾರರಿಂದ ಹನ್ನೆರಡು ಕಾಸಿಗೆ ಕೊಳ್ಳುತ್ತಿದ್ದ, ಒಂಬತ್ತು ಕಾಸಿಗೆ ಮಾರುತ್ತಿದ್ದ. ಕೈಯಿಂದ ಹೋಗುತ್ತಿದ್ದರೂ ನಗುನಗುತ್ತಲೇ ಇದ್ದ. ನಷ್ಟ ಮಾಡಿಕೊಂಡು ನಗುವ ವರ್ತಕನನ್ನು ಕಂಡರೆ ಉಳಿದ ವರ್ತಕರಿಗೆ ಊಟ ಸೇರುವುದಿಲ್ಲ. ಇಂದು ಊರನ್ನೆಲ್ಲ ತನ್ನ ಅಂಗಡಿಗೆ ಎಳೆದುಕೊಂಡವನು ನಾಳೆ ತಮ್ಮ ಕುತ್ತಿಗೆಗೆ ಕೈ ಹಾಕುತ್ತಾನೆ ಎಂದು ಅವರು ಹೆದರಿದರು. ಕತೆ ಎಂದರೆ ಒಂಬತ್ತು ಕಾಸಿನದು ಎಂದು ಜನ ತಿಳಿದುಬಿಟ್ಟರೆ ಮೂವತ್ತು ಕಾಸಿನ ಗರಿಯನ್ನು ಯಾರು ಮುಟ್ಟುತ್ತಾರೆ ಎಂದೂ ಹೆದರಿದರು. ಈ ಹೆದರಿಕೆ ಸುಳ್ಳಲ್ಲ, ಹಾಲಯ್ಯ. ಅದನ್ನು ನೆನಪಿಟ್ಟುಕೋ.

ಅದೇ ಊರಿನಲ್ಲಿ ಒಬ್ಬ ಮುದುಕಿ ಇದ್ದಳು. ಕಣ್ಣು ಹೋಗಿತ್ತು. ದೀಪದ ಬತ್ತಿ ಹೊಸೆದು ಮಾರಿ ಬದುಕುತ್ತಿದ್ದಳು. ಅವಳೂ ಒಂಬತ್ತು ಕಾಸು ಕೊಟ್ಟು ಒಂದು ಗಿಳಿ ತಂದಿದ್ದಳು. ಕತೆ ಅರ್ಧವೇ ಇತ್ತು. ಕಾಡಿನಲ್ಲಿ ದಾರಿ ತಪ್ಪಿದ ಒಬ್ಬ ಹುಡುಗಿ ಮರ ಹತ್ತುತ್ತಾಳೆ, ಕೆಳಗೆ ಹುಲಿ ಬಂದು ಕೂರುತ್ತದೆ. ಅಲ್ಲಿಗೆ ಗಿಳಿ ಬಾಯಿ ಮುಚ್ಚುತ್ತಿತ್ತು. ಉಳಿದರ್ಧಕ್ಕೆ ಬೇರೆ ಗಿಳಿ, ಬೇರೆ ಕಾಸು. ಕತೆಯನ್ನು ಎಲ್ಲಿ ಕತ್ತರಿಸಬೇಕು ಎಂಬುದು ವ್ಯಾಪಾರಸ್ಥರಿಗೆ ಯಾವಾಗಲೂ ಗೊತ್ತಿರುತ್ತದೆ.

ಮುದುಕಿಗೆ ಆ ಹುಡುಗಿಯದೇ ಚಿಂತೆಯಾಯಿತು. ಉಣ್ಣಲು ಕೂತರೆ, "ಪಾಪ, ಕೂಸು ಏನು ತಿಂತೋ ಏನೋ," ಎನ್ನುತ್ತಿದ್ದಳು. ಗಾಳಿ ಜೋರಾಗಿ ಬೀಸಿದರೆ, "ಕೊಂಬೆ ಗಟ್ಟಿಯಾಗಿ ಹಿಡ್ಕೋ ತಾಯಿ," ಎಂದು ಸೂರಿನ ಕಡೆಗೆ ಮುಖ ಮಾಡಿ ಹೇಳುತ್ತಿದ್ದಳು. ತಾನು ಹಣ್ಣಾದ ಜೀವ, ಹುಡುಗಿ ಮರದಿಂದ ಇಳಿಯುವ ಮೊದಲೇ ಸತ್ತುಹೋದರೆ ಏನು ಗತಿ ಎಂದು ಅವಳಿಗೆ ನಿಜವಾಗಿ ಭಯ. "ಅವಳನ್ನ ಇಳಿಸಿಯೇ ನಾನು ಹೋಗೋದು," ಎಂದು ಮುಂದಿನ ಗಿಳಿಗಾಗಿ ಒಂಬತ್ತು ಕಾಸನ್ನು ಸೆರಗಿನಲ್ಲಿ ಗಂಟು ಹಾಕಿಟ್ಟುಕೊಂಡಳು.

ಆಗ ಊರಿಗೆ ಹೊಸ ವರ್ತಕನೊಬ್ಬ ಬಂದು ಹಿತ್ತಾಳೆ ಪಂಜರಗಳಲ್ಲಿ ಗಿಳಿ ಮಾರುವ ಅಂಗಡಿ ತೆರೆದ. ಐವರು ಸಾಹುಕಾರರಲ್ಲಿ ಹಿರಿಯನ ಮನೆಯಲ್ಲಿ ಒಂದು ಮಧ್ಯಾಹ್ನ ಹೋಳಿಗೆ ಊಟ. ಹೊಸಬನೂ ಬಂದ. ಉಂಡ ಮೇಲೆ ಆರೂ ಜನ ಹಿಂದಿನ ಕೋಣೆಗೆ ಹೋದರು.

ಆ ಕೋಣೆಯಲ್ಲಿ ಒಂದು ಪಂಜರ ತೂಗುತ್ತಿತ್ತು. ಹುಲಿಯ ಕತೆ ಆ ಮನೆಯದೇ. ಅದರ ಉಳಿದರ್ಧವನ್ನು ಇಬ್ಬರು ಆಳುಗಳು ಸರದಿಯ ಮೇಲೆ ಆ ಗಿಳಿಗೆ ಓದುತ್ತಿದ್ದರು. ಗಿಳಿಗೆ ಮೆಣಸಿನಕಾಯಿ ತಿನ್ನಿಸಲೆಂದು ಕಂಬಳಿ ತೆಗೆದು ಗೂಟಕ್ಕೆ ಹಾಕಿದ್ದ ಆಳು, ನೆಂಟರನ್ನು ಕಂಡು ಎದ್ದುಹೋದ. ಗಿಳಿ ಕತ್ತು ಓರೆ ಮಾಡಿ ಎಲ್ಲರನ್ನೂ ನೋಡಿತು. ಒಬ್ಬ ಸಾಹುಕಾರನಿಗೆ ಕಸಿವಿಸಿಯಾಯಿತು. ಹೊಸಬ ಗೂಟದ ಮೇಲಿದ್ದ ಕರಿ ಕಂಬಳಿಯನ್ನು ತೆಗೆದು ಪಂಜರಕ್ಕೆ ಹೊದಿಸಿ, "ಪಾಪ, ಇದಕ್ಕೆ ನೆಗಡಿ ಆದ ಹಾಗಿದೆ," ಎಂದ. ಎಲ್ಲರಿಗೂ ಸಮಾಧಾನವಾಯಿತು. ಗಿಳಿ ಮಾರಿ ದುಡ್ಡು ಮಾಡಿದವರು ಅವರು. ಒಂದು ದಿನವಾದರೂ ಗಿಳಿಯ ಪಕ್ಕ ಕೂತು ಪಾಠ ಹೇಳಿದವರಲ್ಲ.

ಹೊಸಬ ಹೇಳಿದ, "ಬೆಲೆ ನೀವೇ ಇಡಿ. ಹದಿನೈದು ಕಾಸು ಅಂತಿಡಿ. ಮಾರಿ ಬಂದ ಕಾಸಿನಲ್ಲಿ ಹತ್ತಕ್ಕೆ ಮೂರು ಪಾಲು ನನಗೆ, ಉಳಿದದ್ದು ನಿಮಗೆ. ಒಂದೇ ಷರತ್ತು. ಊರಿನ ಯಾವ ಅಂಗಡಿಯಲ್ಲೂ ನನ್ನ ಅಂಗಡಿಗಿಂತ ಕಡಿಮೆಗೆ ಗಿಳಿ ಸಿಗಬಾರದು. ದೊಡ್ಡ ಅಂಗಡಿಯವನು ಒಪ್ಪದಿದ್ದರೆ ಅವನಿಗೆ ಗಿಳಿ ಕೊಡಬೇಡಿ."

ಹಿರಿಯ ಸಾಹುಕಾರನಿಗೆ ಕಿವಿ ಮಂದ. "ಎಷ್ಟು?" ಎಂದ. "ಹದಿನೈದು!" ಎಂದು ಉಳಿದವರು ಕೂಗಿದರು. ಅವನು ಮತ್ತೆ ಕೇಳಿದ, ಇವರು ಮತ್ತೆ ಕೂಗಿದರು. "ಯಾವತ್ತಿಂದ?" ಎಂದ. "ಹುಣ್ಣಿಮೆಯಿಂದ, ಎಲ್ಲರೂ ಒಂದೇ ದಿನ!" ಎಂದು ಕೂಗಿದರು. ಎಲ್ಲಕ್ಕಿಂತ ಹೆಚ್ಚು ಸಲ, ಎಲ್ಲಕ್ಕಿಂತ ಗಟ್ಟಿಯಾಗಿ ಕೂಗಬೇಕಾಗಿ ಬಂದ ಮಾತು, "ಯಾರಿಗೂ ಹೇಳಬೇಡಿ!"

ಹಿರಿಯ ಬೆರಳು ಮಡಿಸಿ ಲೆಕ್ಕ ಹಾಕಿದ. "ಮೊದಲು ಗಿಳಿಗೆ ಹನ್ನೆರಡು ಬರ್ತಿತ್ತು. ಈಗ ಹತ್ತೂವರೆ. ಕಡಿಮೆ ತಗೊಳ್ಳೋಕೆ ಇಷ್ಟೊಂದು ಕಷ್ಟಪಡ್ತಿದೀವಾ?" ಎಂದ.

"ನಿಮಗೆ ಸರಿಯಾಗಿ ಕೇಳಿಸಿಲ್ಲ. ಹೋಳಿಗೆ ತಿನ್ನಿ," ಎಂದರು ಎಲ್ಲರೂ.

ಅವರು ಹೋದ ಮೇಲೆ ಆಳು ಬಂದ. ಪಂಜರಕ್ಕೆ ಕಂಬಳಿ ಹೊದಿಸಿತ್ತು. ಇನ್ನೊಬ್ಬ ಆಳು ಪಾಠ ಮುಗಿಸಿದ್ದಾನೆ ಎಂದುಕೊಂಡ. ಇನ್ನೊಬ್ಬನೂ ಬಂದು ಹಾಗೆಯೇ ಅಂದುಕೊಂಡ. ಆ ಗಿಳಿಯ ಪಕ್ಕ ಬೇರೆ ಗಿಳಿಗಳನ್ನಿಟ್ಟರು, ಅವುಗಳ ಪಕ್ಕ ಇನ್ನಷ್ಟು ಗಿಳಿಗಳನ್ನಿಟ್ಟರು.

ಹುಣ್ಣಿಮೆ ಬಂತು. ಸೆರಗಿನ ಗಂಟು ಹಿಡಿದುಕೊಂಡು ಮುದುಕಿ ಹೊರಟಳು. ದೊಡ್ಡ ಅಂಗಡಿಯಲ್ಲಿ ಹದಿನೈದು ಕಾಸು. ಹಿತ್ತಾಳೆ ಪಂಜರದ ಅಂಗಡಿಯಲ್ಲೂ ಹದಿನೈದು. ಕೋಲು ಊರಿಕೊಂಡು ಸಾಹುಕಾರರ ಮನೆಗಳಿಗೇ ಹೋದಳು. ಎಲ್ಲ ಕಡೆ ಒಂದೇ ಬೆಲೆ ಯಾಕಪ್ಪ ಎಂದು ಕೇಳಿದರೆ, "ಅದು ನಮ್ಮ ಸ್ವಂತ ಯೋಚನೆ ಅಮ್ಮ," ಎಂದು ಮೊದಲನೆಯವನು ಹೇಳಿದ. ಎರಡನೆಯವನದೂ ಸ್ವಂತ ಯೋಚನೆ. ಹೀಗೆ ಐವರದೂ.

"ಐದು ತಲೆಗೂ ಹುಣ್ಣಿಮೆ ದಿನವೇ ಹೊಳೀತಾ?" ಎಂದಳು ಮುದುಕಿ. ಬಾಗಿಲು ಮುಚ್ಚಿತು.

ಅವಳು ರಾತ್ರಿಯ ಊಟ ಬಿಟ್ಟಳು. ಮರದ ಮೇಲೆ ಕೂತವಳೂ ಉಪವಾಸವಿದ್ದಾಳಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಮುಂದಿನ ಹುಣ್ಣಿಮೆಯ ಹೊತ್ತಿಗೆ ಹದಿನೈದು ಕಾಸು ಕೂಡಿತು.

ಅಷ್ಟರಲ್ಲಿ ಊರಿನ ಅನುಕೂಲಸ್ಥರು ಉಳಿದರ್ಧದ ಗಿಳಿಗಳನ್ನು ಕೊಂಡಾಗಿತ್ತು. ಕತೆಯ ಕೊನೆ ಯಾರಿಗೂ ಅರ್ಥವಾಗಿರಲಿಲ್ಲ, ಅರ್ಥವಾಗಲಿಲ್ಲ ಎಂದು ಯಾರೂ ಹೇಳಿರಲಿಲ್ಲ. ಹುಲಿ ಎಂದರೆ ಆಸೆ, ಹೋಳಿಗೆ ಎಂದರೆ ಮೋಕ್ಷ ಎಂದು ಒಬ್ಬ ಪಂಡಿತ ಮೂರು ಸಂಜೆ ಉಪನ್ಯಾಸ ಮಾಡಿದ್ದ.

ಮುದುಕಿ ಗಿಳಿಯನ್ನು ಮನೆಗೆ ತಂದು, ಕೈಕಾಲು ತೊಳೆದು, ಪಂಜರದ ಮುಂದೆ ಕೂತಳು. ಗಿಳಿ ಶುರು ಮಾಡಿತು. ಹುಲಿ ಎದ್ದು ನಿಂತಿತು. ಹುಡುಗಿ ಕಣ್ಣು ಮುಚ್ಚಿಕೊಂಡಳು. ಹುಲಿ ಬಾಯಿ ತೆರೆದು ಮೇಲೆ ನೋಡಿತು. ನೋಡಿ ಹೇಳಿತು:

"ಹದಿನೈದು! ಎಷ್ಟು? ಹದಿನೈದು! ಯಾವತ್ತಿಂದ? ಹುಣ್ಣಿಮೆಯಿಂದ! ಎಲ್ಲರೂ ಒಂದೇ ದಿನ! ಯಾರಿಗೂ ಹೇಳಬೇಡಿ! ಯಾರಿಗೂ ಹೇಳಬೇಡಿ! ಹೋಳಿಗೆ ತಿನ್ನಿ."

ಕತೆ ಮುಗಿಯಿತು.

ಮುದುಕಿ ಪಂಜರವನ್ನು ಎತ್ತಿಕೊಂಡು ನೇರವಾಗಿ ನ್ಯಾಯಾಧಿಕಾರಿಯ ಹತ್ತಿರ ಹೋದಳು. "ಹುಲಿಗೆ ಯಾರೋ ವ್ಯಾಪಾರ ಕಲಿಸಿದ್ದಾರೆ ಸ್ವಾಮಿ. ಕಾಸು ಹೋದರೆ ಹೋಗಲಿ. ನನ್ನ ಹುಡುಗಿ ಇನ್ನೂ ಮರದ ಮೇಲೇ ಇದ್ದಾಳೆ," ಎಂದು ಅತ್ತಳು.

ನ್ಯಾಯಾಧಿಕಾರಿ ಆರೂ ಜನರನ್ನು ಕರೆಸಿದ. ಬೆಲೆ ತಮ್ಮ ತಮ್ಮ ಸ್ವಂತ ಯೋಚನೆ ಎಂದು ಆರೂ ಜನ ಪ್ರಮಾಣ ಮಾಡಿದರು. ನ್ಯಾಯಾಧಿಕಾರಿ ಗಿಳಿಗೆ ಒಂದು ಮೆಣಸಿನಕಾಯಿ ಕೊಟ್ಟ. ಗಿಳಿ ತಿಂದು, ಎಲ್ಲವನ್ನೂ ಹೇಳಿತು. ಬರಿಯ ಮಾತಲ್ಲ, ಒಬ್ಬೊಬ್ಬರ ದನಿಯನ್ನೂ ಹಾಗೆಯೇ ಹೇಳಿತು. "ಪಾಪ, ನೆಗಡಿ ಆದ ಹಾಗಿದೆ," ಎಂಬುದನ್ನೂ ಬಿಡಲಿಲ್ಲ. ಹೊಸಬನ ಮುಖ ಬಿಳಿಚಿಕೊಂಡಿತು. ಏನೂ ಕೇಳಿಸದೆ ನಿಂತಿದ್ದ ಹಿರಿಯ ಸಾಹುಕಾರ ಪಕ್ಕದವನ ಕಡೆ ಬಾಗಿ, "ಎಷ್ಟು ಅಂತಿದೆ?" ಎಂದ.

"ಹದಿನೈದು!" ಎಂದಿತು ಗಿಳಿ.

ಸಭೆ ಬಿದ್ದು ಬಿದ್ದು ನಕ್ಕಿತು. ನಗು ನಿಂತ ಮೇಲೆ ಸಾಹುಕಾರರಲ್ಲಿ ಒಬ್ಬ ಕೈಮುಗಿದು, "ತಪ್ಪಾಯಿತು. ಆದರೆ ಇವನೊಬ್ಬನೇ ಊರಿನ ಕತೆಗಳನ್ನೆಲ್ಲ ನುಂಗಿದರೆ ಮುಂದೆ ಕತೆ ಬರೆಸುವವರು ಯಾರು ಸ್ವಾಮಿ?" ಎಂದು ಸಭೆಯಲ್ಲಿ ಕೂತಿದ್ದ ದೊಡ್ಡ ಅಂಗಡಿಯವನನ್ನು ತೋರಿಸಿದ.

"ಒಳ್ಳೆಯ ಪ್ರಶ್ನೆ. ಸಂತೆಯಲ್ಲಿ ನಿಂತು ಕೇಳಬೇಕಾದ ಪ್ರಶ್ನೆ. ಕಂಬಳಿ ಹೊದಿಸಿ ಯಾಕೆ ಕೇಳಿದಿರಿ?" ಎಂದ ನ್ಯಾಯಾಧಿಕಾರಿ.

ಷರತ್ತು ರದ್ದಾಯಿತು. ಬೆಲೆಯನ್ನು ಒಬ್ಬೊಬ್ಬರೂ ಬೇರೆ ಬೇರೆಯಾಗಿ ಇಡಬೇಕು, ಹೆಚ್ಚಿಗೆ ತೆಗೆದುಕೊಂಡ ಕಾಸನ್ನು ಹಿಂದಿರುಗಿಸಬೇಕು ಎಂದು ತೀರ್ಪಾಯಿತು. ತೀರ್ಪು ಕೇಳಿ ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವನು ದೊಡ್ಡ ಅಂಗಡಿಯವನು. ನ್ಯಾಯಾಧಿಕಾರಿ ಅವನ ಕಡೆ ತಿರುಗಿ, "ನೀನು ಅಷ್ಟು ನಗಬೇಡ. ನಿನ್ನ ಅಂಗಡಿಯಲ್ಲೂ ಕಂಬಳಿ ಹೊದಿಸಿದ ನನ್ನ ಗಿಳಿಯೊಂದನ್ನು ಇಡಿಸುತ್ತೇನೆ," ಎಂದ.

ಕೊನೆಗೆ, ಕತೆಯ ಉಳಿದ ಭಾಗವನ್ನು ಮುದುಕಿಗೆ ಅಲ್ಲಿಯೇ ಹೇಳಬೇಕೆಂದು ಅಪ್ಪಣೆಯಾಯಿತು. ಸಾಹುಕಾರರು ಒಬ್ಬರ ಮುಖ ಒಬ್ಬರು ನೋಡಿದರು. ವರ್ಷಗಟ್ಟಲೆ ಕತೆ ಮಾರಿದವರಿಗೆ ಕತೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಕಿವಿ ಮಂದವಾದ ಹಿರಿಯನಿಗೆ ಮಾತ್ರ. ಗಿಳಿ ಹೇಳುವುದು ಕೇಳಿಸದ ಕಾರಣ ಅವನು ಗರಿಯನ್ನು ಓದಿದ್ದ. ಅವನು ಮುದುಕಿಯ ಮುಂದೆ ಕೂತು ಹೇಳಿದ: ಮೇಲೆ ನೋಡಿ ನೋಡಿ ಹುಲಿಯ ಕತ್ತು ಉಳುಕಿತು. ಅದು ಬೇಸತ್ತು ಎದ್ದುಹೋಯಿತು. ಹುಡುಗಿ ಇಳಿಯತೊಡಗಿದಳು.

"ನಿಧಾನ ತಾಯಿ. ಕಾಲು ಜೋಮು ಹಿಡಿದಿರುತ್ತೆ," ಎಂದು ಮುದುಕಿ ಗಾಳಿಯಲ್ಲಿ ಎರಡೂ ಕೈ ಚಾಚಿದಳು.

ಗುರುಗಳು ಕತೆ ನಿಲ್ಲಿಸಿದರು. ಹಾಲಯ್ಯ ನಕ್ಕು ನಕ್ಕು ಕಣ್ಣು ಒರೆಸಿಕೊಂಡ.

"ಆ ಆರೂ ಜನ ಶುದ್ಧ ಕಳ್ಳರು, ಬುದ್ಧಿ. ನಮ್ಮದು ಹಾಗಲ್ಲ, ನಮ್ಮದು ಧರ್ಮಕಾರ್ಯ. ಹಾಗಾದರೆ ನಾಳೆ ಸೇರಬಹುದು ತಾನೇ?"

"ಧಾರಾಳವಾಗಿ ಸೇರಿ, ಮುಂದಿನ ಜಗಲಿಯಲ್ಲಿ, ಆ ಕಣ್ಣು ಮಂಜಾದವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಸೊಳ್ಳೆಗೆ ಬೇವಿನ ಹೊಗೆ ನಾನು ಹಾಕಿಸುತ್ತೇನೆ," ಎಂದರು ಗುರುಗಳು.