ಬೆಂಕಿ ತಿಂದ ಕಲ್ಲು

ಒಂದಾನೊಂದು ಕಾಲದಲ್ಲಿ, ನಿಮ್ಮಜ್ಜನ ಅಜ್ಜನಿಗೂ ಹಾಲುಹಲ್ಲು ಬಂದಿರದ ಕಾಲದಲ್ಲಿ (ಕಾಲು ಹೊದಿಕೆಯೊಳಗೆ ಎಳ್ಕೊಳೇ ಕೂಸೇ, ಚಳಿ ಕಚ್ಚುತ್ತೆ), ಬಿಳಿಗುಂಡಿ ಅಂತ ಒಂದು ಊರಿತ್ತಂತೆ. ಊರು ಅಂದರೆ ಏಳೇ ಮನೆ. ಏಳು ಮನೆಯವರೂ ಸುಣ್ಣ ಸುಡೋರು, ಏಳು ಮನೆಯವರೂ ಯೇಸುಸ್ವಾಮಿಯ ಒಕ್ಕಲು. ಹಳ್ಳದಿಂದ ಕಲ್ಲು ಹೊತ್ತು ತಂದು, ಗೂಡಿಗೆ ತುಂಬಿ ಮೂರು ದಿನ ಬೇಯಿಸಿ, ಆರಿದ ಮೇಲೆ ಬುಟ್ಟಿಗೆ ಹಾಕಿ ಪೇಟೆಗೆ ಒಯ್ದು ಮಾರೋದು ಅವರ ಕಸುಬು. ಆ ಊರಿನ ಮಕ್ಕಳು ಮಾತು ಕಲಿಯೋಕೆ ಮುಂಚೆ ಕಲಿಯೋ ಪಾಠ ಒಂದೇ ಒಂದಂತೆ: ಸುಟ್ಟ ಕಲ್ಲಿಗೆ ನೀರು ಸೋಕಿಸಬಾರದು. ನೀರು ಬಿದ್ದ ಸುಣ್ಣವನ್ನು ಪೇಟೆಯವನು ಮೂಸಿಯೂ ನೋಡಲ್ಲ.

ಆ ಊರಲ್ಲಿ ಮದಲಮ್ಮ ಅಂತ ಒಬ್ಬ ವಿಧವೆ, ಅವಳಿಗೆ ಮೂರು ಜನ ಗಂಡುಮಕ್ಕಳು: ದೊಡ್ಡವನು ಚೌರಪ್ಪ, ನಡುವಿನವನು ಇನ್ನಾಸಪ್ಪ, ಕಿರಿಯವನು ಅರುಳಪ್ಪ. ವರ್ಷಕ್ಕೊಂದು ಸಲ, ಯೇಸುಸ್ವಾಮಿ ಗೋರಿಯ ಕಲ್ಲು ಸರಿಸಿ ಎದ್ದ ಪಾಸ್ಕ ಹಬ್ಬಕ್ಕೆ, ದೂರದಿಂದ ಪಾದ್ರಿ ಸ್ವಾಮಿಗಳು ತಟ್ಟುಕುದುರೆ ಏರಿ ಬರೋರಂತೆ. ಗುಡ್ಡದ ಮೇಲಿನ ಹುಲ್ಲು ಚಪ್ಪರವೇ ಗುಡಿ. ಅಲ್ಲಿ ಸ್ವಾಮಿಗಳು ಚಕಮಕಿ ಕಲ್ಲು ತಟ್ಟಿ ಹೊಸ ಬೆಂಕಿ ಎಬ್ಬಿಸಿ ಕೊಡೋರು. ಮದಲಮ್ಮ ಅದನ್ನು ಮಡಕೆಯಲ್ಲಿ ಮನೆಗೆ ತಂದು, ಬೆಳಿಗ್ಗೆ ಬೂದಿ ಕೆದಕಿ ಕೆಂಡ ಊದುತ್ತಾ ಹಾಡೋಳಂತೆ:

ಕಲ್ಲ ಸರಿಸಿ ಎದ್ದನಮ್ಮ ನಮ್ಮ ಯೇಸುಸ್ವಾಮಿ,
ನಾವು ಕೂಡ ಎದ್ದೇವಮ್ಮ, ಎದ್ದು ಹಾಡೇವಮ್ಮ.

ಒಂದು ವರ್ಷ ಪಾಸ್ಕ ಮುಗಿದ ಮಾರನೇ ದಿನ ಆ ಸೀಮೆಯ ಪಾಳೇಗಾರ ವೀರಬೈರ ನಾಯಕ ಆ ಊರ ದಾರಿಯಲ್ಲಿ ಬಂದನಂತೆ. ಏಳು ಮನೆಯವರೂ ಹೋಗಿ ಕೈಮುಗಿದು, ಬುದ್ಧೀ, ಸುಣ್ಣ ನಮ್ಮದಿದೆ, ಕಲ್ಲು ನಮ್ಮದಿದೆ, ಗುಡ್ಡ ಮಾತ್ರ ತಮ್ಮದು, ಅದನ್ನು ಕೊಟ್ಟರೆ ಗಟ್ಟಿಯಾಗಿ ಒಂದು ಗುಡಿ ಕಟ್ಟಿಕೊಳ್ತೀವಿ ಅಂದರಂತೆ. ನಾಯಕ ಕೆಟ್ಟವನಲ್ಲ, ಆದರೆ ತೂಗಿ ನೋಡದೆ ಏನನ್ನೂ ಕೊಡೋನಲ್ಲ. ಮದಲಮ್ಮನ ಪಾಸ್ಕದ ಬೆಂಕಿ, ಬೆಳಗಿನ ಹಾಡಿನ ಸುದ್ದಿ ಕೇಳಿ ಅವಳ ಕಡೆ ತಿರುಗಿ, ಹಬ್ಬದ ಮಾರನೇ ದಿನ ಕೋಗಿಲೆನೂ ಹಾಡುತ್ತೆ ಕಣಮ್ಮ, ಮುಂದಿನ ಪಾಸ್ಕದವರೆಗೂ ಈ ಬೆಂಕಿ ಆರಬಾರದು, ಬೆಳಗಿನ ಹಾಡು ನಿಲ್ಲಬಾರದು, ಎರಡೂ ಉಳಿದರೆ ಗುಡ್ಡ ನಿಮ್ಮದು, ಒಂದು ತಪ್ಪಿದರೂ ಚಪ್ಪರ ಕೀಳಿಸಿ ಕುದುರೆ ಮೇಯಿಸ್ತೀನಿ ಅಂದನಂತೆ. ಅಷ್ಟಕ್ಕೇ ಬಿಡದೆ, ನೋಡಿಕೊಂಡು ಬಂದು ಹೇಳೋಕೆ ಮುದ್ದಯ್ಯ ಅನ್ನೋ ಕಾವಲಿನವನನ್ನೂ ಗೊತ್ತು ಮಾಡಿದನಂತೆ. ಆಮೇಲೆ ಮುದ್ದಯ್ಯ ಹೊತ್ತಲ್ಲದ ಹೊತ್ತಲ್ಲಿ ಬರೋದು, ಒಲೆ ಇಣುಕಿ ನೋಡೋದು, ಒಂದು ಮುದ್ದೆ ನುಂಗಿ ಹೋಗೋದು ರೂಢಿಯಾಯಿತಂತೆ.

ಆಮೇಲೆ ಮೊದಲನೇ ಕಷ್ಟ ಬಂತು. ಆ ವರ್ಷ ಪೇಟೆಯಲ್ಲಿ ಯಾರೂ ಮನೆ ಕಟ್ಟಲಿಲ್ಲ, ಸುಣ್ಣ ಕೇಳೋರಿಲ್ಲ. ಗೂಡು ತಣ್ಣಗಾಯಿತು, ಮುದ್ದೆ ಹೋಗಿ ಅಂಬಲಿ ಬಂತು, ಅಂಬಲಿಯೂ ನೀರಾಯಿತು. ಬಂದ ಮುದ್ದಯ್ಯನಿಗೂ ನೀರೇ. ಚೌರಪ್ಪ ಒಂದು ಬೆಳಿಗ್ಗೆ ರೇಗಿ, ಅವ್ವಾ, ಹಾಡು ನಿಲ್ಲಿಸು, ಹಾಡಿದರೆ ಹಸಿವು ಜಾಸ್ತಿಯಾಗುತ್ತೆ ಅಂದನಂತೆ. ಮದಲಮ್ಮ, ನಿಲ್ಲಿಸಿದರೆ ಕಡಿಮೆ ಆಗುತ್ತೇನಪ್ಪಾ, ಆಗೋ ಹಾಗಿದ್ದರೆ ಹೇಳು, ಈಗಲೇ ನಿಲ್ಲಿಸ್ತೀನಿ ಅಂದಳಂತೆ. ಎಲ್ಲಿ ಆಗುತ್ತೆ ಅಂತ ಅವನು ಗೊಣಗಿದನಂತೆ. ಹಾಗಾದರೆ ಹಸಿವಂತೂ ಇದ್ದೇ ಇರುತ್ತೆ, ಹಾಡು ಯಾಕೆ ಕಳ್ಕೊಳ್ಳೋಣ, ಹೋಗು, ಎರಡು ಬೆರಣಿ ತಾ ಅಂತ ಅಟ್ಟಿದಳಂತೆ.

ಆಮೇಲೆ ಎರಡನೇ ಕಷ್ಟ. ಊರಿಗೆ ಜ್ವರ ಬಂತು. ಎಲ್ಲರೂ ಮಲಗಿದರು, ಎಲ್ಲರೂ ಎದ್ದರು, ನಡುವಿನ ಮಗ ಇನ್ನಾಸಪ್ಪ ಏಳಲಿಲ್ಲ. ಅವನನ್ನು ಮಣ್ಣು ಮಾಡಿದ ಮಾರನೇ ಬೆಳಿಗ್ಗೆ ಮದಲಮ್ಮ ಒಲೆ ಮುಂದೆ ಕೂತು ಬಾಯಿ ತೆರೆದರೆ ದನಿಯೇ ಬರಲಿಲ್ಲವಂತೆ. ಆಗ ಇನ್ನಾಸಪ್ಪನ ಹೆಂಡತಿ ಅನ್ನಮ್ಮ ಮೂಲೆಯಲ್ಲಿ ಕೂತಿದ್ದವಳು ಎದ್ದು ಬಂದು, ಅತ್ತೆ, ನೀವು ಊದಿ, ನಾನು ಹೇಳ್ತೀನಿ ಅಂತ ಕಲ್ಲ ಸರಿಸಿ ಅಂತ ಎತ್ತಿಕೊಂಡಳಂತೆ. ಆಮೇಲೆ ಅತ್ತೆಯೂ ಸೇರಿಕೊಂಡಳಂತೆ. ಇಬ್ಬರ ಕಣ್ಣಲ್ಲೂ ದಳದಳ ನೀರು. ಬಾಗಿಲಲ್ಲಿ ನಿಂತಿದ್ದ ಮುದ್ದಯ್ಯ, ಮದಲಕ್ಕಾ, ಅಳ್ತಾ ಹಾಡೋದನ್ನ ನಾನು ಬುದ್ಧಿಯೋರಿಗೆ ಏನಂತ ಹೇಳಲಿ ಅಂದನಂತೆ. ಕಂಡದ್ದನ್ನೇ ಹೇಳಪ್ಪ, ಅಳು ನನ್ನದು, ಹಾಡು ಯೇಸುಸ್ವಾಮಿಯದು ಅಂದಳಂತೆ.

ಇನ್ನಾಸಪ್ಪ ಎದ್ದು ಬಂದನಾ ಅಂತೀಯಾ? ಇಲ್ಲ ಕಣೇ. ನಾನು ನಿಂಗೆ ಸುಳ್ಳು ಹೇಳಲ್ಲ, ಆ ತಾಯಿನೂ ತನಗೆ ತಾನು ಸುಳ್ಳು ಹೇಳಿಕೊಳ್ಳಲಿಲ್ಲ. ಲೋಕದ ಕಡೇ ದಿನ ಯೇಸುಸ್ವಾಮಿ ಎಬ್ಬಿಸ್ತಾನೆ ಅಂತ ಗಟ್ಟಿಯಾಗಿ ನಂಬಿದಳು. ಅಲ್ಲಿಯವರೆಗೆ ಅಂಬಲಿ ಕಾಯಿಸಬೇಕಲ್ಲ, ಕಾಯಿಸಿದಳು.

ಆಮೇಲೆ ಮುಂದಿನ ಪಾಸ್ಕ ಹತ್ತಿರ ಬಂತು. ಪೇಟೆಯಿಂದ ಒಬ್ಬ ಸಾವುಕಾರ, ಒಂದು ಗೂಡು ಸುಣ್ಣ ಬೇಕು, ಬದಲಿಗೆ ಮಳೆಗಾಲಕ್ಕಾಗುವಷ್ಟು ರಾಗಿ ಕೊಡ್ತೀನಿ ಅಂತ ಹೇಳಿಕಳಿಸಿದನಂತೆ. ಮದಲಮ್ಮ ಮುದ್ದಯ್ಯನ ಎದುರಿಗೇ ಒಲೆಯ ಕೆಂಡ ಒಯ್ದು ಗೂಡಿಗೆ ಇಟ್ಟಳಂತೆ. ಮೂರು ದಿನ ಬೆಂದು, ಆರಿ, ಮಲ್ಲಿಗೆ ಮೊಗ್ಗಿನ ಹಾಗೆ ಬೆಳ್ಳಗಿನ ಸುಣ್ಣ ಹೊರಬಂತು. ಅರುಳಪ್ಪ ಅದನ್ನು ಒಣಹುಲ್ಲು ಹಾಸಿದ ಬುಟ್ಟಿಗಳಿಗೆ ತುಂಬಿ, ಗೂಡಿನ ಪಕ್ಕದ ಕಲ್ಲು ಚಾವಣಿಯ ಕೆಳಗೆ ಜೋಡಿಸಿಟ್ಟ.

ಪಾಸ್ಕಕ್ಕೆ ಒಂದೇ ದಿನ. ಶನಿವಾರ ನಡುಮಧ್ಯಾಹ್ನ, ಮೋಡ ಕವಿದದ್ದೇ ತಡ, ಆಲಿಕಲ್ಲು ಮಳೆ ಹೊಡೆಯಿತು ನೋಡು! ಮದಲಮ್ಮನ ಸೂರು ಕುಸಿದು ಒಲೆ ತುಂಬಾ ನೀರು ನಿಂತಿತು, ಕೆಂಡ ಚುಂಯ್ ಅಂದು ಸತ್ತಿತು. ಅವಳಿಂದ ಬೆಂಕಿ ಒಯ್ದಿದ್ದ ಉಳಿದ ಆರು ಮನೆಯ ಕತೆಯೂ ಅದೇ. ಇದ್ದಬದ್ದದ್ದರಲ್ಲಿ ನೆನೆಯದೆ ಉಳಿದದ್ದು ಗೂಡಿನ ಬುಟ್ಟಿಗಳು ಮಾತ್ರ. ಮುದ್ದಯ್ಯ ಕಣ್ಣಾರೆ ಕಂಡ. ಅಕ್ಕಯ್ಯಾ, ನಿನ್ನ ಮನೆ ಅಂಬಲಿ ಉಂಡಿದೀನಿ, ಆದರೆ ಸುಳ್ಳು ಹೇಳಲಾರೆ ಅಂತ ಕಣ್ಣೊರೆಸಿಕೊಂಡು ಓಡಿದನಂತೆ. ಹೊತ್ತು ಇಳಿಯೋದರೊಳಗೆ ನಾಯಕನೇ ಬಂದು ಇಳಿದ.

ಏನಮ್ಮ ಮದಲಮ್ಮ, ಬೆಂಕಿ ಎಲ್ಲಿ ಅಂದ. ಹಾಡು ಇದೆ ಬುದ್ಧಿ ಅಂದಳು. ಹಾಡು ಇದೆಯಮ್ಮಾ, ನಾನು ಬೆಂಕಿ ಕೇಳಿದ್ದು ಅಂದ.

ಮದಲಮ್ಮ ಗೂಡಿನ ಕಡೆ ತಿರುಗಿ, ಅರುಳೂ, ಒಂದು ಬುಟ್ಟಿ ಬಿಚ್ಚು ಅಂದಳಂತೆ. ಬಿಚ್ಚಿದ. ಒಂದು ಕಲ್ಲು ತೆಗೆದು ನಾಯಕನ ಕೈಗಿಟ್ಟು, ಹೇಗಿದೆ ಬುದ್ಧಿ ಅಂದಳು. ತಣ್ಣಗಿದೆ ಅಂದ. ಇದು ಬೆಂದದ್ದು ಯಾವ ಬೆಂಕೀಲಿ? ಮುದ್ದಯ್ಯ ನಡುವೆ ಬಾಯಿ ಹಾಕಿ, ಆ ಪಾಸ್ಕದ ಕೆಂಡದಲ್ಲೇ ಬುದ್ಧಿ, ನಾನೇ ನೋಡಿದ್ದೆ ಅಂದ.

ಹಾಗಾದರೆ ನೀರು ತಾರೋ ಅಂದಳಂತೆ ಮದಲಮ್ಮ. ಅರುಳಪ್ಪ ಎದೆ ಹೊಡ್ಕೊಂಡು, ಅವ್ವಾ, ನಿಂಗೇನು ಹುಚ್ಚಾ, ನೀರು ಬಿದ್ದರೆ ಸಾವುಕಾರ ಮುಟ್ಟಲ್ಲ, ಮಳೆಗಾಲಕ್ಕೆ ಏನು ತಿನ್ನೋದು ಅಂತ ಅಡ್ಡ ನಿಂತನಂತೆ. ಅವಳು ಅವನ ಭುಜ ಹಿಡಿದು, ಹೋದ ಮಳೆಗಾಲಕ್ಕೆ ಏನು ತಿಂದೆವೋ ಅದನ್ನೇ ತಿನ್ನೋಣ, ಸರಿ ಆ ಕಡೆ ಅಂದಳು. ಕೊಡ ತಂದು ಸುರೀಲಿಲ್ಲ, ಸುರಿದರೆ ಬರೀ ಕೆಸರು ಅಂತ ಅವಳಿಗೆ ಗೊತ್ತು. ಬುಟ್ಟಿಗಳನ್ನೆಲ್ಲ ಒತ್ತೊತ್ತಾಗಿ ಜೋಡಿಸಿ, ಬೊಗಸೆಯಲ್ಲಿ ಇಷ್ಟಿಷ್ಟೇ ಚಿಮುಕಿಸುತ್ತಾ ಹಾಡಿದಳಂತೆ: ಕಲ್ಲ ಸರಿಸಿ ಎದ್ದನಮ್ಮ ನಮ್ಮ ಯೇಸುಸ್ವಾಮಿ.

ಮೊದಲು ಏನೂ ಇಲ್ಲ. ನಾಯಕ ಮೀಸೆ ತಿರುವಿದ. ಆಮೇಲೆ ಒಳಗೆಲ್ಲೋ ಚಟ್ ಅಂತು. ಆಮೇಲೆ ಕಲ್ಲುಗಳು ಬಿರಿಯತೊಡಗಿ, ಗದಗದ ಕುದಿದು, ಬಿಳೀ ಹಬೆ ಎದ್ದಿತು. ಕೈಲಿದ್ದ ಕಲ್ಲನ್ನು ನಾಯಕ ದೂರ ಎಸೆದನಂತೆ, ಮುದ್ದಯ್ಯ ಮರದ ಹಿಂದೆ ಹೋದನಂತೆ. ಹಬೆ ಹೊಗೆಯಾಯಿತು, ಬುಟ್ಟಿಯ ಒಣಹುಲ್ಲು ಕಂದಿತು, ಕಪ್ಪಾಯಿತು, ಭಗ್ ಅಂತ ಹತ್ತಿಕೊಂಡಿತು! ಏಳು ಮನೆಯವರೂ ಓ ಅಂತ ಕೂಗಿ ಹಾಡಿಗೆ ದನಿ ಸೇರಿಸಿದರಂತೆ.

ಬುದ್ಧೀ, ಕಲ್ಲು ಆ ಬೆಂಕಿನ ತಿಂದು ಹೊಟ್ಟೇಲಿಟ್ಟುಕೊಂಡಿತ್ತು, ಯಾವ ನೀರು ಒಲೆ ಆರಿಸಿತೋ ಅದೇ ನೀರು ಇದನ್ನ ಎಬ್ಬಿಸಿತು, ಇದು ಅದೇ ಬೆಂಕಿ ಅಲ್ಲ ಅನ್ನೋ ಹಾಗಿದ್ದರೆ ಗುಡ್ಡ ನಿಮ್ಮದೇ ಅಂದಳಂತೆ. ನಾಯಕ ನಕ್ಕು, ಬಾಯಿಬಡುಕಿ, ವಾದದಲ್ಲೂ ಗೆದ್ದೆ, ಬೆಂಕೀಲೂ ಗೆದ್ದೆ, ಗುಡ್ಡ ತಗೋ ಅಂದನಂತೆ. ಆಮೇಲೆ ಚೌರಪ್ಪನ ಕಡೆ ತಿರುಗಿ, ಮಳೆಗಾಲದ ರಾಗಿ ನನ್ನ ಕಣಜದಿಂದ ಒಯ್ಯಿ, ಬದಲಿಗೆ ಗೂಡು ಹತ್ತಿದ ಮೇಲೆ ನನ್ನ ಕೋಟೆಗೆ ಸುಣ್ಣ ಬಳಿಯಿರಿ ಅಂದನಂತೆ.

ಸಂಜೆಗೆ ಸ್ವಾಮಿಗಳು ಬಂದು ಎಲ್ಲಾ ಕೇಳಿದರು. ಚಕಮಕಿಯನ್ನು ವಾಪಸು ಚೀಲಕ್ಕೆ ಹಾಕಿ, ವರ್ಷಾ ವರ್ಷಾ ನಾನು ಕಲ್ಲು ಕುಟ್ಟಿ ಬೆಂಕಿ ತೆಗೀತಿದ್ದೆ, ಈ ವರ್ಷ ಕಲ್ಲು ತಾನೇ ಕೊಟ್ಟಿದೆ ಅಂತ ಆ ಬೆಂಕಿಯಿಂದಲೇ ಪಾಸ್ಕದ ಮೇಣದ ಬತ್ತಿ ಹಚ್ಚಿದರಂತೆ.

ಇನ್ನು ಆ ನೀರು ಬಿದ್ದ ಸುಣ್ಣ? ಪೇಟೆಗೆ ಬೇಡವಾದ್ದು ನಿಜ. ಆದರೆ ಗೋಡೆ ಕಟ್ಟೋಕೆ ಗಾರೆ ಕಲಸ್ತಾರಲ್ಲ, ಅದಕ್ಕೆ ನೀರು ಕುಡಿದ ಸುಣ್ಣವೇ ಆಗಬೇಕು ಕಣೇ! ಒಂದು ಹಿಡಿಯೂ ಹಾಳಾಗಲಿಲ್ಲ, ಅದರಲ್ಲೇ ಗುಡ್ಡದ ಮೇಲೆ ಗುಡಿ ಎದ್ದಿತಂತೆ. ಊರವರು ತಲೆಗೊಂದು ಕಲ್ಲು ಹೊತ್ತರು, ಇನ್ನಾಸಪ್ಪನ ಪಾಲಿನ ಕಲ್ಲನ್ನು ಅನ್ನಮ್ಮನೇ ಹೊತ್ತು ಬಾಗಿಲ ಬಲಗಡೆ ಇಟ್ಟಳಂತೆ.

ಅವರು ಅಲ್ಲಿ ಬೆಳಿಗ್ಗೆ ಬೆಳಿಗ್ಗೆ ಕೆಂಡ ಊದಿಕೊಂಡು ಹಾಡಿಕೊಂಡು ಸುಖವಾಗಿದ್ದಾರಂತೆ, ನಾವಿಲ್ಲಿ ಬೆಚ್ಚಗೆ ಹೊದ್ದುಕೊಂಡಿದ್ದೀವಿ. ಕತೆ ಮುಗೀತು, ಕೆಂಡಕ್ಕೆ ಬೂದಿ ಮುಚ್ಚಿದ ಹಾಗೆ ನೀನೂ ಕಣ್ಣು ಮುಚ್ಚು, ಬೆಳಿಗ್ಗೆ ಹಾಡಿ ಎಬ್ಬಿಸ್ತೀನಿ.