ದಿಣ್ಣೆಯಿಂದ ಕದಲದ ತಮ್ಮ

“ಗುರುಗಳೇ, ಕಷ್ಟದಲ್ಲಿರುವ ಒಡಹುಟ್ಟಿದವನು ಕೂಗಿ ಕರೆದರೂ ಹೋಗದವನು ಹೇಡಿಯಲ್ಲವೇ?” ಎಂದು ಶಿಷ್ಯ ಕೇಳಿದ. ಗರಡಿಯಲ್ಲಿ ಸೋಲನ್ನೇ ಕಾಣದವನು. ಕೇಳುವಾಗಲೂ ಎದೆ ಸೆಟೆದೇ ಇತ್ತು.

ಗುರು ಹೇಳಿದರು.

ಹಿಮ ಬೀಳುವ ಒಂದು ನಾಡಿನಲ್ಲಿ ಅಣ್ಣತಮ್ಮಂದಿರಿದ್ದರು. ಇಬ್ಬರೂ ಹಿಮಬಂಡಿಯ ಸವಾರರು. ಅದು ಹಿಮದ ಮೇಲೆ ಓಡುವ ಮೋಟಾರು ಬಂಡಿ. ಅಲ್ಲಿಯ ಸವಾರರಿಗೆ ಒಂದು ಕಟ್ಟುಪಾಡು ಇದೆ. ಕಡಿದಾದ ಇಳಿಜಾರಿನ ಮೇಲೆ ಒಮ್ಮೆಗೆ ಒಬ್ಬನೇ ಹೋಗಬೇಕು. ಉಳಿದವನು ಪಕ್ಕದ ದಿಣ್ಣೆಯ ಮೇಲೆ ನಿಂತು ಅವನನ್ನೇ ನೋಡುತ್ತಿರಬೇಕು.

ಎರಡು ದಿನ ಹಿಮ ಸುರಿದು ನಿಂತಿತ್ತು. ಅಣ್ಣ ಇಳಿಜಾರು ಹತ್ತಿದ. ನಡುವೆ ಅವನ ಬಂಡಿ ಹೂತು ನಿಂತಿತು.

“ಬಾರೋ! ಇಬ್ಬರೂ ಸೇರಿ ಎತ್ತಿದರೆ ಚಿಟಿಕೆ ಹೊಡೆಯುವಷ್ಟರ ಕೆಲಸ.”

“ಬರುವುದಿಲ್ಲ ಅಣ್ಣಾ. ಹಿಮ ಇನ್ನೂ ಕೂತಿಲ್ಲ, ಇಬ್ಬರ ಭಾರ ತಾಳುವುದಿಲ್ಲ. ಬಂಡಿ ಬಿಟ್ಟು ಪಕ್ಕಕ್ಕೆ ಸರಿದು ಬಾ.”

“ಹೊಸ ಬಂಡಿ ಬಿಟ್ಟು ಬರಲೇ? ನಿನ್ನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದೆನಲ್ಲೋ! ಸೀರೆ ಉಟ್ಟುಕೊಂಡು ಬಂದಿದ್ದೀಯೇನು?”

“ಸೀರೆ ತಂದುಕೊಡು, ಉಟ್ಟುಕೊಂಡೇ ನಿಲ್ಲುತ್ತೇನೆ. ಊರೆಲ್ಲ ಬಂದು ಉಗಿದರೂ ಈ ದಿಣ್ಣೆ ಬಿಟ್ಟು ಕದಲುವವನಲ್ಲ.”

ಅಣ್ಣನಿಗೆ ಸಿಟ್ಟು ನೆತ್ತಿಗೇರಿತು. ಒಬ್ಬನೇ ಬಂಡಿಯನ್ನು ಅಲುಗಿಸಿ ಮೋಟಾರನ್ನು ಜೋರು ಮಾಡಿದ. ಇಳಿಜಾರಿನ ನೆತ್ತಿಯಲ್ಲಿ ಒಂದು ಗೆರೆ ಬಿರಿಯಿತು. ಗುಡ್ಡದ ಮೈಯೇ ಜಾರಿ ಬಂತು. ಅಣ್ಣನೂ ಕಾಣಲಿಲ್ಲ, ಬಂಡಿಯೂ ಕಾಣಲಿಲ್ಲ.

ತಮ್ಮ ರೆಪ್ಪೆ ಹೊಡೆಯದೆ ನೋಡಿದ್ದ. ಅಣ್ಣ ಕೊನೆಯದಾಗಿ ಕಂಡ ಜಾಗ ಅವನ ಕಣ್ಣಿನಲ್ಲಿತ್ತು. ಹಿಮ ಜಾರುವುದು ನಿಂತ ಮೇಲೆ ದಿಣ್ಣೆಯಿಂದ ಇಳಿದು ಓಡಿದ. ಇಬ್ಬರ ಎದೆಯ ಮೇಲೂ ಒಂದೊಂದು ಸಣ್ಣ ಯಂತ್ರವಿತ್ತು. ಹೂತವನ ಯಂತ್ರ ಸಂಜ್ಞೆ ಕೊಡುತ್ತದೆ, ಹುಡುಕುವವನದು ಅದನ್ನು ಹಿಡಿಯುತ್ತದೆ. ಸಂಜ್ಞೆ ಜೋರಾದಲ್ಲಿ ಕೋಲು ಚುಚ್ಚಿ ನೋಡಿದ. ಏನೋ ಮೆತ್ತಗೆ ತಾಕಿತು. ಸಲಿಕೆ ಹಿಡಿದು ತೋಡಿದ. ಅಂಗೈ ಬಿರಿದು ರಕ್ತ ಬಂತು, ತೋಡುವುದನ್ನು ನಿಲ್ಲಿಸಲಿಲ್ಲ.

ಅಣ್ಣನ ಮುಖ ಸಿಕ್ಕಿತು. ತುಟಿ ನೀಲಿಗಟ್ಟಿತ್ತು. ಬಾಯಿಯೊಳಗಿನ ಹಿಮವನ್ನು ಬೆರಳಿನಿಂದ ತೆಗೆದ. ಒಂದು ಉಸಿರು ಬಂತು, ಆಮೇಲೆ ಇನ್ನೊಂದು. ಸ್ವಲ್ಪ ಹೊತ್ತಿಗೆ ಮಾತೂ ಬಂತು.

“ಕರೆದಾಗ ಬರಲಿಲ್ಲವಲ್ಲೋ, ಹೇಡಿ.”

“ಇನ್ನೂ ನಾಲ್ಕು ಬೈ ಅಣ್ಣಾ. ನಿನ್ನ ಉಸಿರು ಸರಿಯಾಗಿ ಆಡುತ್ತಿದೆಯೋ ಇಲ್ಲವೋ ನೋಡಬೇಕು,” ಎಂದ ತಮ್ಮ.

ಗುರು ಕತೆ ನಿಲ್ಲಿಸಿದರು.

ಶಿಷ್ಯ ಬಗ್ಗಲಿಲ್ಲ. “ಯಾರು ಏನೇ ಹೇಳಲಿ, ಅವನ ಜಾಗದಲ್ಲಿ ನಾನಿದ್ದಿದ್ದರೆ ಕರೆದ ಕೂಡಲೇ ನುಗ್ಗುತ್ತಿದ್ದೆ!”

“ನುಗ್ಗು ಮಗನೇ, ಆದರೆ ಹೋಗುವ ಮೊದಲು, ನಿಮ್ಮಿಬ್ಬರನ್ನೂ ತೋಡಿ ತೆಗೆಯಲು ಒಬ್ಬ ಹೇಡಿಯನ್ನು ನಿಲ್ಲಿಸಿ ಹೋಗು.”